ಮಲ್ಲಿಗೆ ಬುಡಕ್ಕೆ ಸೀಮೆಎಣ್ಣೆ

ಸೀಮೆಎಣ್ಣೆಯ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ದೊಮ್ಮಲೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಮಸ್ಕತ್ತಿಗೆ ಕೆಲಸಕ್ಕೆ ಹೋಗಿ ಎರಡು ವರ್ಷವಾಗಿತ್ತು. ಅಮ್ಮ, ನಾನು, ತಂಗಿ ದೊಡ್ಡಪ್ಪನ ಮನೆಯಲ್ಲಿದ್ದೆವು. ಹಿತ್ತಲಿನ ಮಲ್ಲಿಗೆ ಬಳ್ಳಿಯನ್ನು ನೆಟ್ಟು ನೀರೆರೆದವಳು ಅಮ್ಮ. ದಿನಾ ಹೂವು ಮುಡಿಯುತ್ತಿದ್ದವರು ಮಾತ್ರ ದೊಡ್ಡಮ್ಮ. ಒಮ್ಮೆ ಅಮ್ಮ ಒಂದು ಮೊಳ ಕೇಳಿದ್ದಕ್ಕೆ, "ಗಂಡ ಊರಲ್ಲಿಲ್ದೋಳು ಹೂವು ಮುಡಿದ್ರೆ ಯಾರು ನೋಡ್ಲಿ ಅಂತ?" ಎಂದು ಎಲ್ಲರೆದುರು ನಕ್ಕಿದ್ದರು.

ನಮಗೂ ವೀಸಾ ಬಂತು. ಹೊರಡುವ ದಿನ ದೊಡ್ಡಮ್ಮ ಊಟ ಮುಗಿಸಿ ಮಲಗಿದ್ದಾಗ ಅಮ್ಮ ಇದ್ದಬದ್ದ ಮೊಗ್ಗೆಲ್ಲ ಬಿಡಿಸಿ, ಕಟ್ಟಿ, ನಮ್ಮಿಬ್ಬರ ಜಡೆಗೆ ಮುಡಿಸಿದಳು. ಆಮೇಲೆ, "ಸ್ಟೋವ್ ಹತ್ರ ಇರೋ ಕ್ಯಾನ್ ತಗೊಂಡ್ಬಾ, ಸದ್ದು ಮಾಡ್ಬೇಡ" ಎಂದಳು. ಬಳ್ಳಿಯ ಬುಡದ ಒಣಮಣ್ಣು ಸೀಮೆಎಣ್ಣೆಯನ್ನು ಗಟಗಟ ಕುಡಿಯಿತು.

"ಸತ್ತೋಗುತ್ತಲ್ಲಮ್ಮ" ಎಂದೆ.

"ಸಾಕಿದ್ದು ನಾನು" ಎಂದಳು.

ಮಸ್ಕತ್ತಿನಲ್ಲಿ ಕಣ್ಣು ಕುಕ್ಕುವ ಬಿಸಿಲು, ಬಾಲ್ಕನಿಗೆ ಬಂದರೆ ಸಮುದ್ರ. ಎರಡು ತಿಂಗಳಿಗೆ ದೊಡ್ಡಮ್ಮನ ಕಾಗದ ಬಂತು. ಬಳ್ಳಿ ಒಣಗುತ್ತಿದೆ, ನಿನ್ನ ಕೈಗುಣ ಒಳ್ಳೇದು, ಏನು ಹಾಕಬೇಕೋ ಬರಿ ಎಂದಿದ್ದರು. ಅಮ್ಮ ಅದನ್ನು ಬಿಸಿಲಲ್ಲಿ ನಿಂತು ಎರಡು ಸಲ ಓದಿದಳು. ಉತ್ತರ ನನ್ನ ಕೈಯಲ್ಲೇ ಬರೆಸಿದಳು: "ದಿನಾ ನೀರು ಹಾಕಿ ಅಕ್ಕ, ಚಿಗುರುತ್ತೆ."