ಉಗುರಿನಷ್ಟು ಹಿತ್ತಾಳೆ

"ಇಷ್ಟೇನಾ?" ಎಂದಳು ತಂಗಿ.

ಅವಳ ಅಂಗೈಯಲ್ಲಿದ್ದದ್ದು ಹೆಬ್ಬೆರಳಿನ ಉಗುರಿನಷ್ಟು ಹಿತ್ತಾಳೆಯ ಮುಚ್ಚಳ. ದೀಪಕ್ಕೆ ಗ್ಯಾಸ್ ಮಾಡುವ ಹೊಸ ಡಬ್ಬಿಯನ್ನು ಅಡುಗೆಮನೆಯ ಮೂಲೆಯಲ್ಲಿ ಕೂರಿಸಿ, ತಗಡಿನ ಕೆಲಸದ ಅಣ್ಣ ಬೆವರು ಒರೆಸಿಕೊಳ್ಳುತ್ತ ವಿವರಿಸಿದ: "ಕಾರ್ಬೈಡ್ ಕಲ್ಲಿನ ಮೇಲೆ ನೀರು ಜಾಸ್ತಿ ಬಿದ್ದು ಗ್ಯಾಸ್ ಉಕ್ಕಿದ್ರೆ, ಇದು ತಾನಾಗೇ ಎದ್ದು ಅದನ್ನ ಹೊರಗೆ ಬಿಟ್ಬಿಡುತ್ತೆ. ಇನ್ಮೇಲೆ ಡಬ್ಬಿ ಸಿಡಿಯೋ ಮಾತೇ ಇಲ್ಲ."

ಹಿಂದಿನ ಡಬ್ಬಿಯನ್ನೂ ಅವನೇ ಮಾಡಿಕೊಟ್ಟಿದ್ದ. ಅದಕ್ಕೆ ಈ ಮುಚ್ಚಳ ಇರಲಿಲ್ಲ. ಅದು ಸಿಡಿದ ದಿನ ದೀಪ ಹಚ್ಚಲು ಹೋಗಿದ್ದವನು ಅವಳ ಗಂಡ; ಅವನು ಉಳಿಯಲಿಲ್ಲ. ಎರಡು ಸಲ ಸುಣ್ಣ ಬಳಿದರೂ ಗೋಡೆಯ ಮಸಿ ಇನ್ನೂ ಇಣುಕುತ್ತಿತ್ತು. ಬಾಯಿತುಂಬ ಬೈದಿದ್ದರೆ ಅಣ್ಣನ ಎದೆಭಾರ ಇಳಿಯುತ್ತಿತ್ತೇನೋ. ಅವಳು ಒಂದು ದಿನವೂ ತುಟಿ ಪಿಟಕ್ಕೆಂದಿರಲಿಲ್ಲ.

ಈಗ ಅವಳು ಮುಚ್ಚಳವನ್ನು ಅವನ ಕೈಯಲ್ಲೇ ಇಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಚಿದಳು. ಕಿಟಕಿಯಾಚೆ ಪಕ್ಕದ ಮನೆಯಲ್ಲಿ, ಮಕ್ಕಳ ಗಲಾಟೆಯ ನಡುವೆ, ಸಂಜೆಯ ದೀಪ ಬೆಳ್ಳಗೆ ಹತ್ತಿಕೊಂಡಿತು.

"ಅವರ ಮನೆ ಡಬ್ಬೀನೂ ನೀನೇ ಅಲ್ವಾ ಮಾಡ್ಕೊಟ್ಟಿದ್ದು, ಆಗ? ಇದನ್ನ ಮೊದಲು ಅಲ್ಲಿ ಕೂರಿಸಿ ಬಾ, ಅಣ್ಣಾ. ನನಗಿನ್ನೇನು ಅವಸರ?"