ಎಡಗಡೆಯ ಸದ್ದು

ಕೊಯ್ಲು ಮುಗಿದು ಹದಿನೈದು ದಿನವಾಗಿತ್ತು. ಹೊಲದಲ್ಲಿ ದುಡಿದು ದಣಿದ ಎರಡು ಟ್ರಾಕ್ಟರುಗಳು ಚಕ್ರ ಬಿಚ್ಚಿಸಿಕೊಂಡು ಗ್ಯಾರೇಜಿನ ಅಂಗಳದಲ್ಲಿ ನಿಂತಿದ್ದವು. ಒಂದರ ಕೆಳಗೆ ಅಂಗಾತ ಮಲಗಿ ಗ್ರೀಸು ತುಂಬುತ್ತಿದ್ದ ಮೇಸ್ತ್ರಿ, ಒಳಗೆ ಬಂದ ಕಾರು ಯಾರದೆಂದು ಟೈರು ನೋಡಿಯೇ ಗುರುತಿಸಿದ. ಮೊಟ್ಟೆ ವ್ಯಾಪಾರಿಯದು. ಈ ತಿಂಗಳಲ್ಲಿ ಮೂರನೆಯ ಸಲ.

"ಮತ್ತೆ ಬಂದ್ರಾ ಅಣ್ಣ?"

"ಅದೇ ಸದ್ದು ಮೇಸ್ತ್ರಿ. ಮುಂದಿನ ಎಡ ಚಕ್ರದ ಹತ್ರ. ಸಣ್ಣ ಗುಂಡಿ ಸಿಕ್ಕಿದ್ರೂ ಸಾಕು, ಕಟಕ್ ಅನ್ನತ್ತೆ. ಬೇಕರಿ ಮುಟ್ಟೋ ಅಷ್ಟರಲ್ಲಿ ತಲೆ ಮೇಲೆ ಕುಟ್ಟಿದ ಹಾಗಾಗತ್ತೆ."

"ನಾನು ಕೂತ್ರೆ ಮಾತ್ರ ಉಸಿರೆತ್ತಲ್ಲ. ಡಾಕ್ಟರನ್ನ ಕಂಡ ಕೂಡ್ಲೇ ಜ್ವರ ಬಿಟ್ಟ ಮಗು ಥರ ನಿಮ್ಮ ಕಾರು."

ಪರೀಕ್ಷೆಗೆಂದು ಮೇಸ್ತ್ರಿ ಬೇರೆಯವರ ಗಾಡಿಯ ಸ್ಟೇರಿಂಗ್ ಮುಟ್ಟುವವನಲ್ಲ. ಒಡೆಯ ಓಡಿಸುವ ರೀತಿಗೇ ಗಾಡಿಗೆ ರೋಗ ಬರುವುದು, ಹಾಗಾಗಿ ಅವನೇ ಓಡಿಸಬೇಕು ಎಂಬುದು ಅವನ ಕಟ್ಟುನಿಟ್ಟು. ತಾನು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದ. ಹಿಂದಿನ ಎರಡು ಸಲವೂ ಹಾಗೇ ಕೂತಿದ್ದ. ಗೋದಾಮಿನ ಮುಂದಿನ ರಸ್ತೆ ಹಂಪಿನ ಮೇಲೆ ಹತ್ತು ಸಲ ಹತ್ತಿಸಿ ಇಳಿಸಿದ್ದರು. ಆಮೇಲೆ ಜಾಕು ಕೊಟ್ಟು ಎತ್ತಿ, ಚಕ್ರ ಹಿಡಿದು ಅಲ್ಲಾಡಿಸಿ, ಸಂದುಸಂದಿಗೆ ಸಲಾಕೆ ಹಾಕಿ ಮೀಟಿ ನೋಡಿದ್ದ. ಬುಷ್ ಗಟ್ಟಿಯಿತ್ತು, ನಟ್ಟು ಬಿಗಿಯಿತ್ತು.

ಈ ಸಲವೂ ಹೋದರು. ಕಾರು ಹಂಪು ಹತ್ತಿತು, ಇಳಿಯಿತು. ಸದ್ದಿಲ್ಲ.

"ನೀವೊಬ್ರೇ ಹೋಗಿ ಬನ್ನಿ. ನಾನು ಕೆಳಗೆ ನಿಂತು ಚಕ್ರ ನೋಡ್ತೀನಿ," ಎಂದು ಮೇಸ್ತ್ರಿ ಇಳಿದ.

ಕಟಕ್.

ಮೇಸ್ತ್ರಿ ಓಡಿ ಬಂದು ಹತ್ತಿ ಕೂತ. ಸದ್ದಿಲ್ಲ. ಇಳಿದ. ಕಟಕ್. ಮೂರನೆಯ ಸಲ ಇಳಿದವನು ಬಾಗಿಲು ಹಾಕದೆ, ಖಾಲಿ ಸೀಟಿನ ಮೇಲೆ ಕೈಯಿಟ್ಟು ನಿಂತುಬಿಟ್ಟ.

"ಅಣ್ಣ, ಅತ್ತಿಗೆ ಎಲ್ಲಿ? ಇಲ್ಲಿ ಅವರಲ್ವಾ ಕೂರ್ತಿದ್ದಿದ್ದು?"

ವ್ಯಾಪಾರಿ ಎಂಜಿನ್ ಆರಿಸಿದ.

ಗ್ಯಾರೇಜಿಗೆ ಮರಳಿದ ಮೇಲೆ ಮೇಸ್ತ್ರಿ ಚಕ್ರ ಬಿಚ್ಚಿ, ಸ್ಪ್ರಿಂಗಿನ ಸಮೇತ ಶಾಕ್ ಅಬ್ಸಾರ್ಬರನ್ನು ಹೊರಗೆಳೆಯುವವರೆಗೂ ವ್ಯಾಪಾರಿ ಗೋಡೆಗೊರಗಿ ನಿಂತೇ ಇದ್ದ. ಕೊನೆಗೆ ತಾನಾಗಿಯೇ ಬಾಯಿಬಿಟ್ಟ.

"ಅವರಣ್ಣನ ಮನೇಲಿದಾಳೆ. ನಾಲ್ಕು ತಿಂಗಳಾಯ್ತು. ಈಗ ಹೊಳೀತಿದೆ, ಈ ಸದ್ದೂ ಆಗಿನಿಂದ್ಲೇ."

"ಜಗಳಾನಾ?"

"ಜಗಳ ಆಡಿದ್ರೆ ಎಷ್ಟೋ ಚೆನ್ನಾಗಿತ್ತು. ಸೊಂಟ ನೋವು, ಒಂದು ವಾರ ಬರಲ್ಲ ಅಂದ್ಳು. ಸುಮ್ನೆ ಕೂತ್ಕೊಂಡು ಬರೋರಿಗೆ ಎಂಥ ಸೊಂಟ ನೋವು ಅಂತ ಅಂದ್ಬಿಟ್ಟೆ. ಹನ್ನೊಂದು ವರ್ಷ ಮೇಸ್ತ್ರಿ, ತೊಡೆ ಮೇಲೆ ಮೊಟ್ಟೆ ಟ್ರೇ ಹಿಡ್ಕೊಂಡು ಕೂತಿದ್ದೋಳು. ಟ್ರೇ ಎತ್ತಿ ಹಿಂದಿನ ಸೀಟಲ್ಲಿ ಜೋಪಾನವಾಗಿ ಇಟ್ಟು, ಬಸ್ ಸ್ಟಾಪ್ ಹತ್ರ ಇಳ್ಕೊಂಡು ಹೋದ್ಳು."

"ಕರೆಯೋಕೆ ಹೋಗ್ಲಿಲ್ವಾ?"

"ಎರಡು ಸಲ ಹೊರಟೆ. ಏನಂತ ಕರೀಲಿ?"

ಮೇಸ್ತ್ರಿ ಶಾಕ್ ಅಬ್ಸಾರ್ಬರಿನ ನೆತ್ತಿಯಿಂದ ಅಂಗೈಯಗಲದ ರಬ್ಬರ್ ಬಿಲ್ಲೆಯೊಂದನ್ನು ಬಿಡಿಸಿ, ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಒತ್ತಿದರೆ ಮೂಗಿಗೆ ಹಿಡಿದರೂ ಬಿರುಕು ಕಾಣದು. ಬೆರಳು ತೆಗೆದರೆ ಅರ್ಧ ಸುತ್ತು ಬಾಯಿ ಬಿಡುತ್ತಿತ್ತು.

"ನೋಡಿ. ಇದು ನಿನ್ನೆ ಮೊನ್ನೆ ಹರಿದಿದ್ದಲ್ಲ, ಎರಡು ವರ್ಷವಾದ್ರೂ ಆಗಿರ್ಬೇಕು. ಸೀಟಿನ ಮೇಲೆ ಭಾರ ಇದ್ದಾಗ ಹೀಗೆ ಮುಚ್ಕೊಂಡಿರತ್ತೆ. ಎರಡು ವರ್ಷ ನಿಮ್ಮ ಕಿವಿಗೆ ಬೀಳದ ಹಾಗೆ ಅತ್ತಿಗೇನೇ ತಡೆದಿದ್ದಾರೆ. ಪಾಪ, ಅವರಿಗೂ ಗೊತ್ತಿಲ್ಲ."

ವ್ಯಾಪಾರಿ ಅದನ್ನು ಕೈಗೆ ತೆಗೆದುಕೊಂಡ. ಒತ್ತಿದ, ಬಿಟ್ಟ. ಮತ್ತೆ ಒತ್ತಿದ. ಮೇಸ್ತ್ರಿ ಹೊಸದನ್ನು ಕೂಡಿಸಿ ಚಕ್ರ ಏರಿಸಿ ನಟ್ಟು ಬಿಗಿಯುವವರೆಗೂ ಅದು ಅವನ ಕೈಯಲ್ಲೇ ಇತ್ತು.

ವ್ಯಾಪಾರಿ ಹಂಪಿನ ಮೇಲೆ ಒಬ್ಬನೇ ಹೋಗಿ ಬಂದ. ಒಂದು ಸಣ್ಣ ಸದ್ದೂ ಇಲ್ಲ.

"ಸರಿಹೋಯ್ತಲ್ಲ, ಮುಖ ಯಾಕೆ ಹಾಗೆ?"

"ಈ ಹಳೇದನ್ನ ನಾನೇ ಇಟ್ಕೊಳ್ಳಲಾ ಮೇಸ್ತ್ರಿ?"

"ಗುಜರಿಯೋರೂ ಮುಟ್ಟಲ್ಲ ಅದನ್ನ. ಯಾಕೆ?"

"ಅವಳಿಗೆ ತೋರಿಸ್ಬೇಕು."

ಮೇಸ್ತ್ರಿ ಹಳೆಯ ಪೇಪರಿನ ಹಾಳೆ ಹರಿದು ಬಿಲ್ಲೆಯನ್ನು ಸುತ್ತಿ, ದಾರ ಕಟ್ಟಿ ಕೊಟ್ಟ. ವ್ಯಾಪಾರಿ ಪೊಟ್ಟಣವನ್ನು ಎಡಗಡೆಯ ಸೀಟಿನ ಮೇಲಿಟ್ಟು ಕಾರು ಚಾಲು ಮಾಡಿದ. ಮತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಏನಂತ ಹೇಳಿ ಕೊಡ್ಲಿ?"

"ಏನೂ ಹೇಳ್ಬೇಡಿ ಅಣ್ಣ, ನಿಮ್ಮ ಬಾಯಿ ಸರಿಯಿಲ್ಲ. ಅವರ ಕೈಗೆ ಕೊಟ್ಟು, ಪಕ್ಕದಲ್ಲಿ ಸುಮ್ನೆ ಕೂತ್ಕೊಳ್ಳಿ."

ಗ್ಯಾರೇಜಿನ ದಾರಿ ಮುಖ್ಯರಸ್ತೆಗೆ ಸೇರುವಲ್ಲಿ ಎಡಕ್ಕೆ ತಿರುಗಿದರೆ ಅವನ ಮನೆ, ಕೋಳಿ ಫಾರಂ, ಬೇಕರಿಗಳು. ಬಲಕ್ಕೆ ಹೋದರೆ ಎರಡು ಗಂಟೆಯ ಹಾದಿ, ಆಕೆಯ ಅಣ್ಣನ ಊರು. ಮೇಸ್ತ್ರಿ ಮತ್ತೆ ಟ್ರಾಕ್ಟರಿನ ಕೆಳಗೆ ನುಗ್ಗುವ ಮುಂಚೆ ಆ ಕಡೆ ನೋಡಿದ. ಕಾರು ರಸ್ತೆಯ ಬಾಯಲ್ಲಿ ನಿಂತಿತ್ತು. ಹಿಂದಿನಿಂದ ಬಂದ ಲಾರಿಯೊಂದು ಹಾರ್ನ್ ಬಾರಿಸಿ, ಬೈದು, ಬಳಸಿಕೊಂಡು ಹೋಯಿತು. ದಾರಿ ಎರಡೂ ಕಡೆ ಖಾಲಿಯಿತ್ತು. ಕಾರಿನ ಬಲಗಡೆಯ ಹಳದಿ ದೀಪ ಹತ್ತಿ ಆರುತ್ತಿತ್ತು, ಹತ್ತಿ ಆರುತ್ತಲೇ ಇತ್ತು.