ನಾಲ್ಕು ಗಂಟೆಯ ಅಮ್ಮ

"ಫೋನ್ ಎತ್ತು, ಅಮ್ಮಾ ಅನ್ನು. ಊಟ ಆಯ್ತಾ ಅಂತ ಕೇಳ್ತಾರೆ, ಆಯ್ತು ಅನ್ನು. ಅಷ್ಟೇ," ಎಂದಳು ಮನೆಯೊಡತಿ. ಹಾಲ್‌ನ ಮೂಲೆಯಲ್ಲಿ ಹಳೆಯ ಫೋನ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಹುಡುಗಿ ಮಹಡಿಯ ಕೋಣೆಗೆ ಬಾಡಿಗೆಗೆ ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಪರದೆ ಸಿಕ್ಕಿಸುವ ಕೊಕ್ಕೆಗಳು ಕೈಯಲ್ಲೇ ಇದ್ದವು. ಯಾರ ಅಮ್ಮ, ಏನು ಎತ್ತ ಎಂದು ಕೇಳುವಷ್ಟರಲ್ಲಿ ರಿಸೀವರ್ ಅವಳ ಕಿವಿಗೆ ಬಂದಾಗಿತ್ತು.

"ಅಮ್ಮಾ..."

"ಬಂದ್ಯಾ ಚಿನ್ನು? ಊಟ ಆಯ್ತಾ? ಯಾಕೆ ಗಂಟಲು ಕಟ್ಟಿದೆ?" ವಯಸ್ಸಾದ, ಮೆತ್ತಗಿನ ದನಿ.

"ಆಯ್ತು. ಸ್ವಲ್ಪ ನೆಗಡಿ."

"ಬಿಸಿನೀರು ಕುಡಿ. ನಾಳೆ ಮಾಡ್ತೀನಿ."

ಮನೆಯೊಡತಿ ಫೋನ್ ಕೆಳಗಿಟ್ಟು, ಯಾವುದೋ ಸಾಮಾನ್ಯ ವಿಷಯವೆಂಬಂತೆ ಹೇಳಿದಳು. ನಾಲ್ಕು ವರ್ಷದ ಹಿಂದೆ ಅದೇ ಕೋಣೆಯಲ್ಲಿದ್ದ ಒಬ್ಬಳು ಲೈಬ್ರರಿಗೆಂದು ಹೋದವಳು ವಾಪಸು ಬರಲೇ ಇಲ್ಲ. ಪೊಲೀಸರು ಹುಡುಕಿ ಹುಡುಕಿ ಕೈಚೆಲ್ಲಿದರು. ತಾಯಿ ಮಾತ್ರ ನಂಬಲಿಲ್ಲ. ದಿನಾ ನಾಲ್ಕಕ್ಕೆ ಸರಿಯಾಗಿ ಫೋನ್ ಮಾಡುವುದನ್ನು ಬಿಡಲಿಲ್ಲ. "ಆಮೇಲೆ ಬಾಡಿಗೆಗೆ ಬಂದವಳು ಒಂದಿನ ಗೊತ್ತಿಲ್ಲದೆ ಎತ್ತಿದಳು. 'ನಾನು ಹೇಳಲಿಲ್ವಾ, ನೀನು ಇದ್ದೀಯ ಅಂತ' ಅಂದುಬಿಟ್ಟರಂತೆ. ಅಲ್ಲ ಅನ್ನೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳು?"

"ದನಿ ಬೇರೆ ಅಂತ ಗೊತ್ತಾಗಲ್ವಾ ಆಂಟಿ?"

"ಎರಡು ದಿನ ಗಂಟಲು ಕಟ್ಟಿದೆ ಅಂತಾರೆ. ಆಮೇಲೆ ಸರಿಹೋಗುತ್ತೆ."

"ಅವರಿಗೆ ಅಭ್ಯಾಸ ಆಗುತ್ತಾ?"

"ಗಂಟಲು ಸರಿಹೋಗುತ್ತೆ," ಎಂದು ಮನೆಯೊಡತಿ ಅಡುಗೆಮನೆಗೆ ನಡೆದಳು.

ಹುಡುಗಿ ಒಪ್ಪಿಕೊಂಡಳು. ಒಪ್ಪಲು ಅವಳದೇ ಕಾರಣವಿತ್ತು. ತೀರಿಹೋದ ಅಪ್ಪನ ಕಚೇರಿಯಲ್ಲಿ ಕೊಡುತ್ತೇವೆಂದ ಕೆಲಸವನ್ನು ಒದ್ದು, ಭೂವಿಜ್ಞಾನದಲ್ಲಿ ಸ್ನಾತಕೋತ್ತರ ಓದುತ್ತೇನೆಂದು ಹೊರಟು ಬಂದವಳು ಅವಳು. "ಕಲ್ಲು ಓದೋಕೆ ಊರು ಬಿಡ್ಬೇಕಾ? ನಮ್ಮ ಹಿತ್ತಲಲ್ಲೇ ಬೇಕಾದಷ್ಟು ಬಿದ್ದಿವೆ" ಎಂದು ಹೊಲಿಗೆ ಮೆಷಿನ್ ತುಳಿಯುತ್ತಲೇ ಅಮ್ಮ ರೇಗಿದ್ದಳು. "ಹೋಗೋದಾದ್ರೆ ಹೋಗು. ನಾನಾಗಿ ಫೋನ್ ಮಾಡೋಳಲ್ಲ" ಎಂದೂ ಅಂದಿದ್ದಳು. ನಾನೂ ಮಾಡುವುದಿಲ್ಲ ಎಂದು ಬಂದಿದ್ದಳು ಮಗಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಈಗ ಹಟ ಕರಗಿ ನೀರಾಗಿತ್ತು, ಮೊದಲು ಸೋಲುವವರು ಯಾರು ಎಂಬುದಷ್ಟೇ ಬಾಕಿ. ರಾತ್ರಿ ಮಲಗುವಾಗಲೂ ಮೊಬೈಲನ್ನು ದಿಂಬಿನ ಕೆಳಗೇ ಇಟ್ಟುಕೊಳ್ಳುತ್ತಿದ್ದಳು. ಅದು ತುಟಿಪಿಟಿಕ್ಕೆನ್ನಲಿಲ್ಲ.

ತರಗತಿ ಶುರುವಾಗಲು ಒಂದು ವಾರವಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುವಂತೆ ಕಿಟಕಿಯ ಗಾಜು ಉಜ್ಜಿದಳು, ಕಪಾಟಿಗೆ ಕಾಗದ ಹಾಸಿದಳು, ವಿಶ್ವವಿದ್ಯಾಲಯಕ್ಕೆ ಹೋಗುವ ಬಸ್ಸುಗಳ ನಂಬರು ಬಾಯಿಪಾಠ ಮಾಡಿದಳು. ಇಷ್ಟು ದೊಡ್ಡ ಊರಿನಲ್ಲಿ ಊಟ ಆಯ್ತಾ ಎಂದು ಕೇಳುವ ಜೀವ ನಾಲ್ಕು ಗಂಟೆಯ ಅಮ್ಮ ಒಬ್ಬಳೇ. ಎರಡನೆಯ ದಿನ ಐದು ನಿಮಿಷ ಮಾತಾಡಿದಳು. ಮೂರನೆಯ ದಿನ "ಈಗ ನೋಡು ನನ್ನ ಚಿನ್ನು ದನಿ!" ಎಂದು ಆ ಕಡೆಯಿಂದ ಸಂತೋಷಪಟ್ಟಾಗ ಇವಳಿಗೂ ಹಿತವಾಯಿತು.

ಮಾರನೆಯ ದಿನ ವಿಭಾಗದ ಕಚೇರಿಯಲ್ಲಿ ಗುಮಾಸ್ತ ಹೆಸರು ಕೇಳಿದ. ಹೇಳಿದಳು. ಆ ದನಿ ಯಾರದೆಂದು ತಾನೇ ಹಿಂತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಬರೀ ಭ್ರಮೆ ಎಂದುಕೊಂಡು ರಸೀದಿಗೆ ಸಹಿ ಹಾಕಿ ಬಂದಳು. ಶನಿವಾರ ಮೂರೂವರೆಗೇ ಬಂದು ಫೋನಿನ ಪಕ್ಕ ಕುಳಿತಿದ್ದಳು. ಎತ್ತಿದವಳೇ, "ಅಪ್ಪನ ಮಂಡಿನೋವು ಹೇಗಿದೆ?" ಎಂದು ಕೇಳಿದಳು. ಆ ಮನೆಯಲ್ಲಿ ಒಬ್ಬ ಅಪ್ಪ ಇದ್ದಾನೆಂದಾಗಲಿ, ಅವನಿಗೆ ಮಂಡಿನೋವೆಂದಾಗಲಿ ಅವಳಿಗೆ ಯಾರೂ ಹೇಳಿರಲಿಲ್ಲ.

"ಪರವಾಗಿಲ್ಲ ಕಣೆ, ಈಗ ಮೆಟ್ಟಿಲು ಹತ್ತುತ್ತಾರೆ," ಎಂದಿತು ಆ ದನಿ.

ಭಾನುವಾರ ಬೆಳಿಗ್ಗೆ ಮೊಬೈಲ್ ಬಡಿದುಕೊಂಡಿತು. ಅಮ್ಮ! ಗುಂಡಿ ಒತ್ತುವ ತನ್ನ ಹಳೆಯ ಮೊಬೈಲಿನಿಂದ, ತಾನಾಗಿ ಮಾಡಿದ್ದಳು. ಹುಡುಗಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಅಮ್ಮಾ!"

ಆ ಕಡೆ ಹೊಲಿಗೆ ಮೆಷಿನ್ ನಿಂತಿತು.

"ಯಾರಮ್ಮಾ ಮಾತಾಡ್ತಿರೋದು? ನನ್ನ ಮಗಳು ಇಲ್ವಾ ಅಲ್ಲಿ?"

"ನಾನೇ ಅಮ್ಮಾ. ನಾನೇ."

"ಯಾರಾದ್ರೂ ಆಗಿರು ತಾಯಿ, ಸ್ವಲ್ಪ ಅವಳ ಕೈಗೆ ಕೊಡು."

ಹುಡುಗಿ ಗಾಬರಿಯಿಂದ ಬಾಯಿಗೆ ಬಂದದ್ದನ್ನೆಲ್ಲ ಹೇಳತೊಡಗಿದಳು. ಎಂಟನೆಯ ವಯಸ್ಸಿನಲ್ಲಿ ಬೆರಳಿಗೆ ಸೂಜಿ ಹೊಕ್ಕಿದ್ದು, ಅಪ್ಪ ತೀರಿಕೊಂಡ ಮೇಲೆ ಒಂದು ವರ್ಷ ಇಬ್ಬರೂ ಒಂದೇ ಹೊದಿಕೆಯಲ್ಲಿ ಮಲಗಿದ್ದು, ಅಮ್ಮ ಅವಳನ್ನು ಗುಟ್ಟಾಗಿ ಕರೆಯುತ್ತಿದ್ದ ಹೆಸರು. ಹೇಳುತ್ತ ಹೋದಂತೆ ಪ್ರತಿ ಮಾತೂ ಬೇರೆ ಯಾರದೋ ಗಂಟಲಿನಿಂದ, ಮೆತ್ತಗೆ, ಚೆನ್ನಾಗಿ ಬರುತ್ತಿತ್ತು.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ಮೂಗೊರೆಸಿಕೊಂಡದ್ದು ಕೇಳಿಸಿತು.

"ಇಷ್ಟೆಲ್ಲ ಹೇಳಿಕೊಟ್ಟು ನಿನ್ನನ್ನ ಕೂರಿಸಿದ್ದಾಳಾ? ಅಷ್ಟು ಕೋಪನಾ ನನ್ನ ಮೇಲೆ? ಇರಲಿ ಬಿಡು. ಅವಳು ಸಿಕ್ಕಿದಾಗ ಒಂದು ಮಾತು ಹೇಳಮ್ಮ, ನಿಮ್ಮಮ್ಮ ಸೋತಳು ಅಂತ."